ಅಪ್‌ಡೇಟ್: ಪೀಣ್ಯದ ಕೆಲಸ ಬಿಡಬೇಕೇ ಎಂದು ಕೇಳಿದ್ದೆ

ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ವರ್ಷಗಟ್ಟಲೆ ವರ್ನಿಯರ್, ಮೈಕ್ರೋಮೀಟರ್ ಹಿಡಿದು ಅವೇ ಅಳತೆಗಳನ್ನು ಬರೆದು ಬೇಸತ್ತಿರುವುದಾಗಿ ತಿಳಿಸಿ, ಎಲ್ಲ ಬಿಟ್ಟು ಸಾಫ್ಟ್‌ವೇರ್ ಕೋರ್ಸ್ ಸೇರಲೇ ಎಂದು ಹಿಂದೆ ಕೇಳಿದ್ದೆ. ಹೆಚ್ಚಿನವರು ಬಿಟ್ಟುಬಿಡಿ ಎಂದಿರಿ; ಒಬ್ಬರು ಮಾತ್ರ, ಬೇಸರ ಬಂದಿರುವುದು ಕೆಲಸದ ಮೇಲೋ ಅಥವಾ ಅದರಲ್ಲಿ ಕಲಿಕೆ ನಿಂತುಹೋಗಿರುವುದಕ್ಕೋ ಎಂದು ಮೊದಲು ನೋಡಿಕೊಳ್ಳಿ ಎಂದಿದ್ದರು. ನಾನು ಆ ಮಾತನ್ನೇ ಹಿಡಿದೆ.

ಪಾಳಿ ಮುಗಿದ ಮೇಲೆ ಸಿಎಂಎಂ ಯಂತ್ರದ (ಬಿಡಿಭಾಗದ ಮೇಲಿನ ಬಿಂದುಗಳ ಸ್ಥಾನವನ್ನು ಮೂರು ದಿಕ್ಕಿನಲ್ಲೂ ಅಳೆಯುವ ಯಂತ್ರ) ಬಳಕೆಯನ್ನೂ ಜ್ಯಾಮಿತೀಯ ಟಾಲರೆನ್ಸ್‌ನ, ಅಂದರೆ ಆಕಾರ ಮತ್ತು ಸ್ಥಾನ ಎಷ್ಟು ತಪ್ಪಬಹುದು ಎಂಬುದರ, ಲೆಕ್ಕವನ್ನೂ ಕಲಿತೆ. ಒಂದು ಫ್ಲ್ಯಾಂಜಿನ (ಬೋಲ್ಟ್ ಹಾಕಿ ಜೋಡಿಸಲು ಇರುವ ಚಾಚಿದ ಅಂಚು) ರಂಧ್ರ ಅಡ್ಡಕ್ಕೂ ಉದ್ದಕ್ಕೂ ತಲಾ 0.06 ಮಿ.ಮೀ. ಸರಿದಿತ್ತು; ಎರಡನ್ನೂ ಬೇರೆಬೇರೆಯಾಗಿ 0.1ಕ್ಕೆ ಹೋಲಿಸಿದರೆ ಪಾಸಾದಂತೆ ಕಾಣುತ್ತದೆ. ಆದರೆ ಡ್ರಾಯಿಂಗ್ ಕೇಳಿದ್ದು ರಂಧ್ರದ ಕೇಂದ್ರ 0.1 ಮಿ.ಮೀ. ವ್ಯಾಸದ ವಲಯದೊಳಗೇ ಇರಬೇಕೆಂದು; ವ್ಯಾಸಕ್ಕೆ ಹೋಲಿಸಲು ಓರೆಯಾಗಿ ಸರಿದ ದೂರವನ್ನು ದುಪ್ಪಟ್ಟು ಮಾಡಿದರೆ ಸುಮಾರು 0.17 ಬರುತ್ತದೆ, ಅಂದರೆ ತಿರಸ್ಕೃತ. ಇದನ್ನು ವಿನ್ಯಾಸ ವಿಭಾಗದವರಿಗೆ ಕಾಗದದ ಮೇಲೆ ಬಿಡಿಸಿ ತೋರಿಸಿದ ಮೇಲೆ, ಹೊಸ ಡ್ರಾಯಿಂಗ್‌ಗಳ ಪರಿಶೀಲನೆಗೂ ನನ್ನನ್ನು ಕರೆಯತೊಡಗಿದ್ದಾರೆ. (ಚಹಾ ಮಾತ್ರ ಇನ್ನೂ ನಾನೇ ತರಿಸಬೇಕು.)

ಸಂಬಳ ಹೇಳಿಕೊಳ್ಳುವಷ್ಟು ಏರಿಲ್ಲ, ಹುದ್ದೆಯ ಹೆಸರೂ ಬದಲಾಗಿಲ್ಲ. ಮುಂದಿನ ವೇತನ ಪರಿಷ್ಕರಣೆಯಲ್ಲೂ ಇದೇ ಸ್ಥಿತಿಯಾದರೆ, ವಿಮಾನದ ಬಿಡಿಭಾಗ ತಯಾರಿಸುವ ಘಟಕಗಳಿಗೆ ಸಿಎಂಎಂ ಕೆಲಸಕ್ಕೇ ಅರ್ಜಿ ಹಾಕುತ್ತೇನೆ; ಸಾಫ್ಟ್‌ವೇರ್ ಕೋರ್ಸಿನ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ.