ಎಸ್‌ಎಸ್‌ಎಲ್‌ಸಿ: ಗಣಿತದಲ್ಲಿ 43 ಬಂದರೂ ಫೇಲ್! ಅನುಭವ ಇದ್ದವರು ಹೇಳಿ

ಮಗಳ ಅಮ್ಮ: 2025ರ ಪರೀಕ್ಷೆ-1. ಮಗಳಿಗೆ ಒಟ್ಟು 341. ಗಣಿತದಲ್ಲಿ ಲಿಖಿತ 24, ಇಂಟರ್ನಲ್ (ಶಾಲೆಯಲ್ಲೇ ಕೊಡೋ ಅಂಕ) 19, ಸೇರಿಸಿದರೆ 43. ಆದರೂ ಫೇಲ್. ನಮ್ಮ ಕಾಲದಲ್ಲಿ 35 ದಾಟಿದರೆ ಪಾಸ್ ಅಲ್ವಾ? ರೀವ್ಯಾಲ್ಯುಯೇಷನ್ ಹಾಕಲಾ, ಪರೀಕ್ಷೆ-2 ಬರೆಸಲಾ?

ಒಂದಂಕದ ಅಪ್ಪ: ಇಂಟರ್ನಲ್ ನಂಬಬೇಡಿ ಮೇಡಂ. ಈ 2025ರ ಪರೀಕ್ಷೆಗೂ ಲಿಖಿತದಲ್ಲಿ 80ಕ್ಕೆ 28 ಬರಲೇಬೇಕು. 2023ರಲ್ಲಿ ನನ್ನ ಮಗನಿಗೆ ವಿಜ್ಞಾನದಲ್ಲಿ 26. ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿ ತರಿಸಿದೆ. ಪೀನ ಮಸೂರದ ಕಿರಣ ಚಿತ್ರ ಚೆನ್ನಾಗೇ ಬಿಡಿಸಿದ್ದ, ಬಾಣದ ಗುರುತು ಹಾಕಿಲ್ಲ ಅಂತ ಅಂಕ ಕತ್ತರಿಸಿದ್ದರು. ರೀವ್ಯಾಲ್ಯುಯೇಷನ್‌ಗೆ ಹಾಕಿದೆ. ಸೈಬರ್ ಸೆಂಟರ್‌ಗೆ ಐದು ಸಲ ಅಲೆದೆ, ಸಲಕ್ಕೆ 60 ರೂಪಾಯಿ. ಎರಡು ದಿನದ ಕೂಲಿ ಹೋಯಿತು, 1,400. ಕೊನೆಗೆ ಬಂದಿದ್ದು 27. ಒಂದೇ ಒಂದು ಅಂಕ! ಹೇಗೂ ಪಾಸಾಗುತ್ತಾನೆ ಅಂತ ಪೂರಕ ಪರೀಕ್ಷೆಗೂ ಕಟ್ಟಿರಲಿಲ್ಲ. ವರ್ಷವೇ ಹೋಯಿತು. ಆ ಚಿತ್ರದ ಪ್ರಿಂಟ್ ಇವತ್ತಿಗೂ ಬೀರುವಿನಲ್ಲಿದೆ.

ಪ್ಯಾಕೇಜ್ ತಾಯಿ: ಅದಕ್ಕೇ ನಾನು ಪೇಪರ್ ಹಿಂದೆ ಓಡಲಿಲ್ಲ. 2022ರಲ್ಲಿ ನನ್ನ ಮಗನಿಗೆ ಗಣಿತದಲ್ಲಿ 19. ಅತ್ತಿದ್ದು ಒಂದು ರಾತ್ರಿ, ಅಷ್ಟೇ. ಮರುದಿನದಿಂದ ಪಾಸಿಂಗ್ ಪ್ಯಾಕೇಜ್ ಹಿಡಿದೆವು, ಅಂದರೆ ಪಾಸಾಗೋಕೆ ಸಾಕಾಗುವಷ್ಟು ಆಯ್ದ ಪಾಠಗಳು. ನಕ್ಷೆ ಬಿಡಿಸಿ ಸಮೀಕರಣ ಬಿಡಿಸೋದು, ಥೇಲ್ಸ್ ಪ್ರಮೇಯ, ಓಜೀವ್ (ಸಂಚಿತ ಆವೃತ್ತಿಯ ನಕ್ಷೆ), ರಚನೆ. ಇಷ್ಟನ್ನೇ ದಿನಾ ಬರೆಸಿದೆ. ಗ್ರಾಫ್ ಹಾಳೆಗೇ 180 ರೂಪಾಯಿ, ಟ್ಯೂಷನ್‌ಗೆ 4,500. ಥೇಲ್ಸ್ ಪ್ರಮೇಯ ನನಗೂ ಬಾಯಿಪಾಠ ಆಗಿಬಿಟ್ಟಿತು, ದೋಸೆ ಹುಯ್ಯುತ್ತಾ ಹೇಳುತ್ತಿದ್ದೆ. ಪೂರಕದಲ್ಲಿ 33 ಬಂತು. ಬಾಣದ ಗುರುತಿಗೆ ಅಳುತ್ತಾ ಕೂತಿದ್ದರೆ ಬರುತ್ತಿತ್ತಾ?

ಒಂದಂಕದ ಅಪ್ಪ: ನಿಮ್ಮ ಮಗನಿಗೆ 9 ಕಡಿಮೆ ಇತ್ತು, ನನ್ನವನಿಗೆ 2. ಎರಡೂ ಒಂದೇನಾ? ಅವನು ಬರೆದ ಅಂಕ ಕೇಳಿದ್ದು, ಭಿಕ್ಷೆ ಕೇಳಲಿಲ್ಲ.

ಗಾಂಧಿ ಕ್ಲಾಸ್: ನಾನು 1989ರಲ್ಲಿ ಇಂಗ್ಲಿಷ್‌ನಲ್ಲಿ ಡುಮ್ಕಿ. ಮತ್ತೆ ಬರೆಯೋಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಅಷ್ಟು ದಿನ ಅಪ್ಪ ಮಾತಾಡಲಿಲ್ಲ, ಎಮ್ಮೆ ಮಾತ್ರ ನನ್ನ ಪಾಲಿಗೆ ಬಂತು. ಎರಡನೇ ಸಲಕ್ಕೆ ಜಸ್ಟ್ ಪಾಸ್. 2024, 2025ರವರಿಗೆ ವರ್ಷಕ್ಕೆ ಮೂರು ಪರೀಕ್ಷೆ. 2024ರಲ್ಲಿ ಗ್ರೇಸ್ ಅಂಕವನ್ನೇ ಶೇ 20ಕ್ಕೆ ಏರಿಸಿದ್ದರು. 2021ರವರಂತೂ ಕೂತು ಎದ್ದರೆ ಪಾಸ್.

ಓಎಂಆರ್ ಹುಡುಗ: ಸರ್, ನಾನು 2021ರ ಬ್ಯಾಚ್. ಸುಮ್ನೆ ಮಾತಾಡಬೇಡಿ. ಆರು ವಿಷಯಾನ ಜುಲೈನಲ್ಲಿ ಎರಡೇ ದಿನಕ್ಕೆ ಬರೆದೆವು. ಗಣಿತ, ವಿಜ್ಞಾನ, ಸಮಾಜ ಒಂದೇ ಬೆಳಿಗ್ಗೆ, 120 ಅಂಕ. ಮಾಸ್ಕ್ ಹಾಕಿಕೊಂಡು ಕನ್ನಡಕಕ್ಕೆ ಮಂಜು ಕಟ್ಟಿ ಓಎಂಆರ್ ಉತ್ತರ ಹಾಳೆಯಲ್ಲಿ ಎರಡು ಸಲ ತಪ್ಪು ವೃತ್ತ ತುಂಬಿದೆ. ನನಗೆ 571, ಎ ಪ್ಲಸ್. ಆದರೂ ಮೊದಲ ಇಂಟರ್‌ವ್ಯೂನಲ್ಲಿ "ಓ, ಕೊರೊನಾ ಪಾಸಾ?" ಅಂತ ನಕ್ಕರು. ನಿಮ್ಮ ಗಾಂಧಿ ಕ್ಲಾಸಿಗೆ ಯಾರಾದರೂ ಹೀಗೆ ನಕ್ಕಿದ್ದಾರಾ?

ಗಾಂಧಿ ಕ್ಲಾಸ್: ನಕ್ಕಿದ್ದಾರೆ. ಹೆಣ್ಣು ನೋಡೋಕೆ ಹೋದಾಗ.

ಮಗಳ ಅಮ್ಮ: ಅಂದರೆ 19 ಇಂಟರ್ನಲ್ ಲೆಕ್ಕಕ್ಕೇ ಇಲ್ವಾ?

ಪ್ಯಾಕೇಜ್ ತಾಯಿ: ಈ 2025ರಲ್ಲಿ ಪಾಸಾಗೋಕೆ ಬೇಕಾದ ಒಟ್ಟು 219 ತಲುಪೋಕೆ ಲೆಕ್ಕಕ್ಕಿದೆ. ನಿಮಗೆ 341 ಇದೆ, ಆ ಚಿಂತೆ ಇಲ್ಲ. ಬೇಕಿರೋದು ಲಿಖಿತದಲ್ಲಿ ಇನ್ನು 4. ಪರೀಕ್ಷೆ-2ಕ್ಕೆ ಇವತ್ತೇ ಕಟ್ಟಿ.

ಒಂದಂಕದ ಅಪ್ಪ: ಕಟ್ಟಿ, ಸ್ಕ್ಯಾನ್ ಕಾಪಿನೂ ತರಿಸಿ. 4 ಅಂಕ ಎಲ್ಲಿ ಹೋಯಿತು ಅಂತ ನೋಡೋದೇ ಬೇಡ ಅನ್ನೋದು ಯಾವ ನ್ಯಾಯ?

ಪ್ಯಾಕೇಜ್ ತಾಯಿ: ನೋಡಬೇಡಿ ಅಂತ ನಾನೆಲ್ಲಿ ಹೇಳಿದೆ? ಮೇಲೆ ಹೋಗಿ ಇನ್ನೊಂದ್ಸಲ ಓದಿ ಸರ್.