ಕೋವಿಡ್ ಲಸಿಕೆಗೆ ನಮ್ಮೂರಿನವರು ಏಕೆ ಹಿಂಜರಿದರು?

ಪ್ರಶ್ನೆ (ಶ್ರೀನಿವಾಸಪುರ ತಾಲ್ಲೂಕು):
ಮಕ್ಕಳಿಗೆ ಪೋಲಿಯೊ ಹನಿ ಹಾಕಿಸುವುದನ್ನು ಒಮ್ಮೆಯೂ ತಪ್ಪಿಸದ ನಮ್ಮ ತಾಯಿ, 2021ರ ಮಾರ್ಚ್‌ನಲ್ಲಿ 60 ವರ್ಷ ಮೀರಿದವರಿಗೆ ಕೋವಿಡ್ ಲಸಿಕೆ ಆರಂಭವಾದಾಗ, ಆಶಾ ಕಾರ್ಯಕರ್ತೆ ಮೂರು ಸಲ ಬಂದು ಕರೆದರೂ ಹೊಸಿಲು ದಾಟಲಿಲ್ಲ. ಈ ಭಯ ಎಲ್ಲಿಂದ ಬಂದಿತು?

ಉತ್ತರ (ಮುಳಬಾಗಿಲು, ನಿವೃತ್ತ ಆರೋಗ್ಯ ಸಹಾಯಕಿ):
ಅದನ್ನು ಹಟವೆಂದು ದಯವಿಟ್ಟು ಭಾವಿಸಬೇಡಿ. ಪೋಲಿಯೊ ಹನಿಯನ್ನು ಅವರು ದಶಕಗಳಿಂದ ಕಂಡಿದ್ದರು, ಇದು ಹೊಸತು. ಚುಚ್ಚಿಸಿಕೊಂಡ ಅನೇಕರಿಗೆ ಒಂದೆರಡು ದಿನ ಬರುವ ಜ್ವರ, ತೋಳುನೋವುಗಳು ದೇಹದ ರೋಗನಿರೋಧಕ ವ್ಯವಸ್ಥೆ ಲಸಿಕೆಗೆ ಸ್ಪಂದಿಸುತ್ತಿರುವುದರಿಂದ ಉಂಟಾಗುತ್ತವೆ ಎಂದು ಮೊದಲೇ ತಿಳಿಸದ ಕಡೆಗಳಲ್ಲಿ, ಲಸಿಕೆಯಿಂದಲೇ ಕೊರೊನಾ ಬಂದಿತೆಂದು ಜನ ನಂಬಿದರು. ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟು, ಮರುದಿನ ಮನೆಗೇ ಹೋಗಿ ವಿಚಾರಿಸಿದಾಗ ಅಕ್ಕಪಕ್ಕದವರೂ ಒಪ್ಪಿದ್ದನ್ನು ನಾನು ಕಂಡಿದ್ದೇನೆ.

ಉತ್ತರ (ಮಾಲೂರು):
ಕೂಲಿಯ ಮಾತನ್ನೂ ಸೇರಿಸಬೇಕು. ಮಾವಿನ ಕೊಯ್ಲಿನ ಕಾಲದಲ್ಲಿ ಎರಡು ದಿನ ಮಲಗಿದರೆ ಆ ಕೂಲಿ ಕೊಡುವವರು ಯಾರು? ಅದೇ ವರ್ಷದ ಮೇ ತಿಂಗಳಲ್ಲಿ ಕೋವಿಶೀಲ್ಡ್ ಡೋಸ್‌ಗಳ ನಡುವಿನ ಅಂತರವನ್ನು 12–16 ವಾರಗಳಿಗೆ ಹೆಚ್ಚಿಸಿದಾಗ, ಕಾರಣ ತಿಳಿಯದೆ ಬರಿಗೈಯಲ್ಲಿ ಹಿಂದಿರುಗಿದವರ ಅನುಮಾನ ಇಮ್ಮಡಿಯಾಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕೊನೆಗೆ ಅಮ್ಮ ಒಪ್ಪಿದ್ದು ಜುಲೈನಲ್ಲಿ, ಲಸಿಕೆ ಹಾಕಿಸಿಕೊಂಡ ಎದುರುಮನೆಯ ಚಿಕ್ಕಮ್ಮ ಮೂರನೆಯ ದಿನ ಎಂದಿನಂತೆ ಹಸು ಕರೆಯುತ್ತಿದ್ದುದನ್ನು ಕಣ್ಣಾರೆ ನೋಡಿದ ಮೇಲೆ.