ಎಚ್‌ಐವಿ ಔಷಧ ಸಂಶೋಧನೆಗೆ ರಸಾಯನಶಾಸ್ತ್ರದ ದಾರಿಯಿಂದ ಹೋಗಬಹುದೇ?

ತೋಟದಂಚಿನವಳು, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯಲ್ಲಿ ಬಿ.ಎಸ್ಸಿ. ಅಂತಿಮ ವರ್ಷದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೇನೆ. ಕಾಲೇಜಿನ ಗೋಷ್ಠಿಗೆಂದು ಜಪಾನಿನ ವಿಜ್ಞಾನಿ ಹಿರೋಆಕಿ ಮಿತ್ಸುಯಾ ಅವರ ಬಗ್ಗೆ ಟಿಪ್ಪಣಿ ಬರೆಯುವಾಗ ಈ ವಿಷಯ ನನ್ನನ್ನು ಹಿಡಿದುಕೊಂಡಿತು. ಕುಮಾಮೊಟೊ ವಿಶ್ವವಿದ್ಯಾಲಯದಲ್ಲಿ ವೈದ್ಯರಾಗಿ, 1982ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಹೋದ ಅವರು ಎಝಡ್‌ಟಿ, ಡಿಡಿಐ, ಡಿಡಿಸಿ ಮತ್ತು 2006ರಲ್ಲಿ ಅನುಮೋದನೆ ಪಡೆದ ಡಾರುನಾವಿರ್, ಈ ನಾಲ್ಕು ಔಷಧಗಳ ಹಿಂದೆಯೂ ಇದ್ದಾರೆ. ಆದರೆ ಅವರು ವೈದ್ಯರು. ನನ್ನಂಥವಳಿಗೆ ಅಲ್ಲಿ ಏನು ಕೆಲಸವಿದೆ? ದಿನಕ್ಕೊಂದು ಮಾತ್ರೆಯಿಂದ ಸೋಂಕು ಹತೋಟಿಗೆ ಬರುವ ಈ ಕಾಲದಲ್ಲಿ ಸಂಶೋಧಿಸಲು ಏನು ಉಳಿದಿದೆ? ಮನೆಯಲ್ಲಿ ಬಿ.ಎಡ್. ಮಾಡು ಎನ್ನುತ್ತಿದ್ದಾರೆ.

ನಿವೃತ್ತ ಉಪನ್ಯಾಸಕ, ಕೋಡಿಬಾಗ, ಕಾರವಾರ

ತಂಗಿ, ಮೊದಲ ಪ್ರಶ್ನೆಗೆ ಉತ್ತರ ಎಝಡ್‌ಟಿಯಲ್ಲೇ ಇದೆ. ಅದನ್ನು ತಯಾರಿಸಿದವರು ಡೆಟ್ರಾಯಿಟ್‌ನ ಜೆರೋಮ್ ಹಾರ್ವಿಟ್ಜ್ ಎಂಬ ರಸಾಯನಶಾಸ್ತ್ರಜ್ಞರು. ಅದೂ 1964ರಲ್ಲಿ, ಕ್ಯಾನ್ಸರಿಗೆಂದು. ಇಲಿಗಳಲ್ಲಿ ಅದು ಫಲ ಕೊಡಲಿಲ್ಲವಾದ್ದರಿಂದ ಅವರು ಪೇಟೆಂಟನ್ನೂ ಮಾಡಿಸದೆ ಬದಿಗಿಟ್ಟರು. ಡಿಎನ್‌ಎ ಕಟ್ಟುವ ಕೊಂಡಿಗಳಲ್ಲೊಂದಾದ ಥೈಮಿಡಿನ್ ಅಣುವಿನ ಸಕ್ಕರೆ ಭಾಗದಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪನ್ನು ತೆಗೆದು ಅಲ್ಲಿ ಅಝೈಡೊ ಗುಂಪನ್ನು ಕೂರಿಸಿದ್ದೇ ಅದರಲ್ಲಿದ್ದ ಬದಲಾವಣೆ. ಎರಡು ದಶಕಗಳ ನಂತರ ಅದೇ ಬದಲಾವಣೆ ಎಚ್‌ಐವಿ ವೈರಸ್ಸಿಗೆ ಮುಳುವಾಯಿತು: ವೈರಸ್ಸಿನ ಆರ್‌ಎನ್‌ಎ ನೋಡಿ ಡಿಎನ್‌ಎ ಸರಪಳಿ ಹೆಣೆಯುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವವು ಇದನ್ನು ಥೈಮಿಡಿನ್ ಎಂದೇ ಬಗೆದು ಸರಪಳಿಗೆ ಸೇರಿಸಿಕೊಳ್ಳುತ್ತದೆ, ಆದರೆ ಮುಂದಿನ ಕೊಂಡಿಯನ್ನು ಸಿಕ್ಕಿಸಲು ಬೇಕಾದ ಹೈಡ್ರಾಕ್ಸಿಲ್ ಅಲ್ಲಿಲ್ಲದ ಕಾರಣ ವೈರಸ್ಸಿನ ಡಿಎನ್‌ಎ ಅಷ್ಟಕ್ಕೇ ನಿಂತುಹೋಗುತ್ತದೆ.

ಬರೋಸ್ ವೆಲ್ಕಮ್ ಎಂಬ ಔಷಧ ಕಂಪನಿಯು ‘ಸಂಯುಕ್ತ ಎಸ್’ ಎಂಬ ಗುರುತಿನಲ್ಲಿ ಕಳಿಸಿದ್ದ ಇದನ್ನು 1985ರಲ್ಲಿ, ಅದೇ ಕ್ಯಾನ್ಸರ್ ಸಂಸ್ಥೆಯ ಸ್ಯಾಮ್ಯುಯೆಲ್ ಬ್ರೋಡರ್ ಅವರ ತಂಡದಲ್ಲಿದ್ದುಕೊಂಡು ಜೀವಂತ ವೈರಸ್ಸಿನ ಎದುರು ಪರೀಕ್ಷಿಸಿದವರು ಮಿತ್ಸುಯಾ. ಜತೆಯವರು ಸೋಂಕಿಗೆ ಹೆದರಿ ಹಿಂಜರಿದಾಗ ಅವರು ಬೇರೊಂದು ಪ್ರಯೋಗಾಲಯಕ್ಕೆ ಹೋಗಿ ಹೊತ್ತಲ್ಲದ ಹೊತ್ತಿನಲ್ಲಿ ಈ ಕೆಲಸ ಮಾಡಿದರು. ಮುಂದೆ 282 ರೋಗಿಗಳ ಮೇಲೆ ನಡೆದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೋಲಿಕೆಗೆಂದು ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ 19 ಮಂದಿ, ಔಷಧ ಪಡೆದವರಲ್ಲಿ ಒಬ್ಬರು ಮಾತ್ರ ತೀರಿಕೊಂಡಿದ್ದರು. 1987ರ ಮಾರ್ಚಿನಲ್ಲಿ ಅನುಮೋದನೆ ಸಿಕ್ಕಿತು. ಹಾರ್ವಿಟ್ಜ್ ಅವರ ಕೈ ಇಲ್ಲದಿದ್ದರೆ ಮಿತ್ಸುಯಾ ಅವರಿಗೆ ಪರೀಕ್ಷಿಸಲು ಈ ಅಣುವೇ ಇರುತ್ತಿರಲಿಲ್ಲ. ಗೋಷ್ಠಿಯ ಟಿಪ್ಪಣಿಯಲ್ಲಿ ಈ ಹೆಸರನ್ನು ಬಿಡಬೇಡ. ಸಾಮಾನ್ಯವಾಗಿ ಎಲ್ಲರೂ ಬಿಡುತ್ತಾರೆ.

ನಮ್ಮಲ್ಲೇ ನೋಡುವುದಾದರೆ, ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಎ.ವಿ. ರಾಮರಾವ್ ಅವರು ಎಝಡ್‌ಟಿಯನ್ನು ಇಲ್ಲೇ ತಯಾರಿಸುವ ವಿಧಾನವನ್ನು ರೂಪಿಸಿದರು, ಸಿಪ್ಲಾ ಅದನ್ನು ಮಾರುಕಟ್ಟೆಗೆ ತಂದಿತು. ಅದೇ ಸಿಪ್ಲಾ 2001ರಲ್ಲಿ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡಲು ಮುಂದಾಯಿತು. ಆಗ ಪಶ್ಚಿಮದ ದೇಶಗಳಲ್ಲಿ ಅದರ ಬೆಲೆ ಹತ್ತು ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು.

ಅಂಕೋಲೆಯವ, ಈಗ ಪುಣೆ

ಸರ್ ಹೇಳಿದ್ದಕ್ಕೆ ಡಾರುನಾವಿರ್ ವಿಚಾರವನ್ನು ಸೇರಿಸುತ್ತೇನೆ. ಅದರ ಅಣುವನ್ನು ವಿನ್ಯಾಸಗೊಳಿಸಿದವರು ಐಐಟಿ ಕಾನ್ಪುರದಲ್ಲಿ ಓದಿದ ರಸಾಯನಶಾಸ್ತ್ರಜ್ಞ ಅರುಣ್ ಘೋಷ್. ಮಿತ್ಸುಯಾ ಅವರು ಅವರ ಜತೆಗಾರರು. ವೈರಸ್ ತನ್ನ ಪ್ರೋಟೀನುಗಳನ್ನು ಕತ್ತರಿಸಿ ಸಿದ್ಧಪಡಿಸುವ ಪ್ರೋಟಿಯೇಸ್ ಕಿಣ್ವದ ಪಕ್ಕದ ಕೊಂಬೆಗಳನ್ನು ಬದಲಾಯಿಸಿಕೊಂಡು ಹಳೆಯ ಔಷಧಗಳಿಂದ ನುಣುಚಿಕೊಳ್ಳುತ್ತಿತ್ತು. ಘೋಷ್ ಅವರು ಕಿಣ್ವದ ಬೆನ್ನೆಲುಬಿನಂತಿರುವ ಮೂಲ ಸರಪಳಿಗೇ ಹೈಡ್ರೋಜನ್ ಬಂಧಗಳಿಂದ ಅಂಟಿಕೊಳ್ಳುವ ಅಣುವನ್ನು ಕಟ್ಟಿದರು. ಅಡಿಕೆ ಕೊಯ್ಯುವ ಕೊನೆಗೌಡ ಸೋಗೆ (ಗರಿ) ಹಿಡಿದು ಅಡಿಕೆ ಮರ ಹತ್ತುವುದಿಲ್ಲ. ಸೋಗೆ ಉದುರುತ್ತದೆ, ಮರ ನಿಲ್ಲುತ್ತದೆ. ಶಿರಸಿಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಉಳಿದಿರುವ ಕೆಲಸ ಬಹಳವಿದೆ. ಮಾತ್ರೆ ನಿಲ್ಲಿಸಿದೊಡನೆ, ರೋಗನಿರೋಧಕ ಶಕ್ತಿಯ ಭಾಗವಾದ ಸಿಡಿ4 ಜೀವಕೋಶಗಳೊಳಗೆ ಅಡಗಿ ಮಲಗಿರುವ ವೈರಸ್ ಎದ್ದು ಬರುತ್ತದೆ. ಅದನ್ನು ಅಲ್ಲಿಂದ ಹೊರದಬ್ಬುವ ಔಷಧ ಇನ್ನೂ ಇಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿರುವುದು ಸಿ ಉಪವರ್ಗದ ವೈರಸ್. ಮೊದಮೊದಲಿನ ಔಷಧಗಳ ಪ್ರಯೋಗಗಳು ಬಹುಪಾಲು ಬಿ ಉಪವರ್ಗದ ಮೇಲೆ ನಡೆದಂಥವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ, ಇಲ್ಲಿ ಪುಣೆಯಲ್ಲಿ 1992ರಲ್ಲಿ ಆರಂಭವಾದ ಏಡ್ಸ್ ಸಂಶೋಧನಾ ಸಂಸ್ಥೆಯಲ್ಲೂ ಈ ದಿಕ್ಕಿನ ಕೆಲಸ ನಡೆಯುತ್ತಿದೆ.

ಆಪ್ತಸಮಾಲೋಚಕಿ, ಕುಮಟಾ

ನಾನು ವಿಜ್ಞಾನಿಯಲ್ಲ, ಮಾತ್ರೆ ಪಡೆಯುವವರ ಎದುರು ಕುಳಿತುಕೊಳ್ಳುವವಳು. ಸರ್ಕಾರದ ಉಚಿತ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಗಳ ಚಿಕಿತ್ಸೆ 2004ರ ಏಪ್ರಿಲ್ 1ರಂದು ಆರಂಭವಾಯಿತು. ಈಗ ಕೊಡುವ, ಡೊಲುಟೆಗ್ರಾವಿರ್ ಇರುವ ಮಾತ್ರೆ ನಿಜಕ್ಕೂ ಒಳ್ಳೆಯದು. ಆದರೂ ‘ದಿನಕ್ಕೊಂದು ಮಾತ್ರೆ’ ಎಂಬುದು ಹೇಳುವಷ್ಟು ಹಗುರವಲ್ಲ. ಬೋಟಿನಲ್ಲಿ ಹತ್ತು ದಿನ ಸಮುದ್ರಕ್ಕೆ ಹೋಗುವವರು ಜತೆಯವರ ಕಣ್ಣು ತಪ್ಪಿಸಿ ನುಂಗಬೇಕು. ಪರಿಚಯದವರು ಕಂಡಾರೆಂದು ಊರಿನ ಕೇಂದ್ರವನ್ನು ಬಿಟ್ಟು ಹುಬ್ಬಳ್ಳಿಗೆ ಹೋಗುವವರಿದ್ದಾರೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಮುಚ್ಚಿದರೆ ಅವರ ಮಾತ್ರೆ ತಪ್ಪುತ್ತದೆ, ಮಾತ್ರೆ ತಪ್ಪಿದಲ್ಲಿ ವೈರಸ್ ಔಷಧಕ್ಕೆ ಬಗ್ಗದಂತಾಗುತ್ತದೆ. ಲೆನಾಕಾಪಾವಿರ್ ಎಂಬ, ಆರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದನ್ನು ಸೋಂಕು ತಡೆಯಲೆಂದು ಅಮೆರಿಕವು 2025ರ ಜೂನಿನಲ್ಲಿ ಅನುಮೋದಿಸಿತು. ಆಫ್ರಿಕಾದಲ್ಲಿ ಅದನ್ನು ಪಡೆದ 2134 ಮಹಿಳೆಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಅಂಥ ಉದ್ದ ಬಾಳಿಕೆಯ ಚುಚ್ಚುಮದ್ದೊಂದೇ ಸಾಕಾಗುವ ಚಿಕಿತ್ಸೆಯನ್ನು ನೀವು ತನ್ನಿ, ನನ್ನ ಅರ್ಧ ಕೆಲಸ ಕಡಿಮೆಯಾಗುತ್ತದೆ.

ತೋಟದಂಚಿನವಳು, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ಸರ್, ಈಗ ಮೊದಲು ಬರೆಯಬೇಕಾದ ಪರೀಕ್ಷೆ ಯಾವುದು?

ನಿವೃತ್ತ ಉಪನ್ಯಾಸಕ, ಕೋಡಿಬಾಗ, ಕಾರವಾರ

ಎಂ.ಎಸ್ಸಿ.ಗೆ ಐಐಟಿಗಳ ಪ್ರವೇಶ ಪರೀಕ್ಷೆಯಾದ ಜಾಮ್, ಎಂ.ಎಸ್ಸಿ. ಮುಗಿಯುವ ಹೊತ್ತಿಗೆ ಸಂಶೋಧನಾ ಫೆಲೋಶಿಪ್‌ಗೆಂದು ಸಿಎಸ್‌ಐಆರ್ ನೆಟ್. ಜಾಮ್ ಫೆಬ್ರವರಿಯಲ್ಲಿ ಇರುತ್ತದೆ, ಸಾವಯವ ರಸಾಯನಶಾಸ್ತ್ರದಿಂದ ಓದು ಶುರು ಮಾಡು. ಬಿ.ಎಡ್. ಅರ್ಜಿಯನ್ನೂ ಹಾಕಿಡು, ಮನೆಯವರಿಗೆ ಸಮಾಧಾನವಾಗಲಿ.